ಒಂದೇ ಕಡ್ಡಿಯಲ್ಲಿ ಎರಡು ಬಗೆಯ ಎಲೆ: ‘ಬೈಯೆರಾ’ ಯಾವ ಮರದ ಹೆಸರು?

ಪ್ರಶ್ನೆ: ನಾವು ಮಳವಳ್ಳಿ ತಾಲ್ಲೂಕಿನ ರೈತರು. ಹಿಪ್ಪುನೇರಳೆ, ಕಬ್ಬು ಬೆಳೆಯುತ್ತೇವೆ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಗ್ರಂಥಾಲಯದಿಂದ ತಂದ ಪುಸ್ತಕವೊಂದರಲ್ಲಿ ‘ಬೈಯೆರಾ’ ಎಂಬ ಅಳಿದುಹೋದ ಮರದ ಪಳೆಯುಳಿಕೆಯ ಚಿತ್ರ ನೋಡಿದಳು. ಅದು ಗಿಂಕ್ಗೊ ಮರದ ಬಳಗಕ್ಕೆ ಸೇರಿದ್ದೆಂದು ಅಲ್ಲಿ ಬರೆದಿತ್ತು. ಇನ್ನೊಂದು ಪುಸ್ತಕದಲ್ಲಿ ಹೆಚ್ಚುಕಡಿಮೆ ಅಂಥದೇ ಎಲೆಗೆ ‘ಸ್ಫೀನೋಬೈಯೆರಾ’ ಎಂದೂ ಮತ್ತೊಂದಕ್ಕೆ ‘ಗಿಂಕ್ಗೊಯಿಟಿಸ್’ ಎಂದೂ ಹೆಸರಿತ್ತು. ಯಾವುದು ಸರಿ? ನಮ್ಮ ಪಡಸಾಲೆಗೆ ಹಾಸಿದ ಶಹಾಬಾದ್ ಕಲ್ಲಿನಲ್ಲೂ ಅದೇ ರೀತಿ ಕವಲೊಡೆದ ಕಪ್ಪು ಗುರುತುಗಳಿವೆ, ಫೋಟೊ ಕಳಿಸಿದ್ದೇನೆ. ಇದು ಬೈಯೆರಾ ಇರಬಹುದೇ? ಆ ಮರ ನಮ್ಮ ಮೈಸೂರು, ಮಂಡ್ಯದ ನೆಲದಲ್ಲಿ ಬೆಳೆದಿತ್ತೇ?

ಉತ್ತರ: ಕಲ್ಲಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ನಿಮ್ಮ ಮಗಳು ಅದಕ್ಕಾಗಿಯೇ ಕಾದಿರುತ್ತಾಳೆ. ಫೋಟೊದಲ್ಲಿರುವುದು ಎಲೆಯಲ್ಲ, ಖನಿಜ. ಡೆಂಡ್ರೈಟ್ ಎಂದು ಅದಕ್ಕೆ ಹೆಸರು. ಕಲ್ಲಿನ ಪದರಗಳ ನಡುವೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳಿರುತ್ತವೆ. ಮ್ಯಾಂಗನೀಸ್, ಕಬ್ಬಿಣ ಕರಗಿದ ನೀರು ಅವುಗಳೊಳಗೆ ಇಳಿದಾಗ ಆ ಲೋಹಗಳು ಆಕ್ಸೈಡುಗಳಾಗಿ ಗೋಡೆಗೆ ಅಂಟಿಕೊಳ್ಳುತ್ತವೆ. ಅಂಟಿಕೊಂಡ ಚುಕ್ಕೆಯ ತುದಿಗೆ ಹೊಸ ಚುಕ್ಕೆ ಸುಲಭವಾಗಿ ಸೇರುತ್ತದೆ. ಹೀಗೆ ತುದಿತುದಿಯಲ್ಲೇ ಬೆಳೆಯುತ್ತ, ಕವಲೊಡೆಯುತ್ತ ಅದು ಜರಿಗಿಡದ ಆಕಾರಕ್ಕೆ ಬರುತ್ತದೆ. ದೊಡ್ಡ ದೊಡ್ಡವರೂ ಇದನ್ನು ನೋಡಿ ಗಿಡವೆಂದು ನಂಬಿದ್ದಾರೆ. ಆದ್ದರಿಂದ ಮಗಳು ಬೇಸರ ಮಾಡಿಕೊಳ್ಳುವ ಕಾರಣವಿಲ್ಲ. ಅವಳ ಕಣ್ಣು ಸರಿಯಾಗಿಯೇ ಕೆಲಸ ಮಾಡಿದೆ.

ನಾನು ಹೇಗೆ ಹೇಳಿದೆ ಎಂಬುದನ್ನು ಅವಳೇ ಒಂದು ಭೂತಗನ್ನಡಿ ಹಿಡಿದು ಪರೀಕ್ಷಿಸಲಿ. ಫೋಟೊದಲ್ಲಿ ಕಾಣುವ ಆರೇಳು ‘ಎಲೆ’ಗಳೂ ಕಲ್ಲಿನ ಒಂದೇ ಗೆರೆಯಿಂದ ಹೊರಟಿವೆ. ನೀರು ನುಗ್ಗಿದ ಬಿರುಕಿನ ಬಾಯಿ ಅದೇ. ಯಾವುದಕ್ಕೂ ತೊಟ್ಟಿಲ್ಲ. ಕವಲುಗಳ ದಪ್ಪಕ್ಕೆ ಲೆಕ್ಕವಿಲ್ಲ, ಒಂದು ಕಡೆ ದಾರ, ಪಕ್ಕದಲ್ಲೇ ಪಾಚಿಯಂಥ ಗಂಟು. ಕಪ್ಪಿನೊಳಗೆ ನರಗಳ ಗೆರೆಗಳಿಲ್ಲ. ಎಲೆಯಾಗಿದ್ದರೆ ಅಂಚು ಇರುತ್ತಿತ್ತು, ಅಂಚಿನೊಳಗೆ ನರಗಳು ಓಡುತ್ತಿದ್ದವು. ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಶಹಾಬಾದ್ ಕಲ್ಲು ಕಲಬುರಗಿ ಕಡೆಯ ಭೀಮಾ ತೀರದ ಸುಣ್ಣಕಲ್ಲು. ಆಳವಿಲ್ಲದ ಸಮುದ್ರದ ತಳದಲ್ಲಿ ಅದು ಪದರಗಟ್ಟುತ್ತಿದ್ದ ಕಾಲಕ್ಕೆ ನೆಲದ ಮೇಲೆ ಗಿಡವೆಂಬುದೇ ಹುಟ್ಟಿರಲಿಲ್ಲ. ಭೂಮಿಯ ಮೇಲಿನ ಮೊದಲ ಗಿಡಗಳಿಗೆ ಸುಮಾರು 47 ಕೋಟಿ ವರ್ಷ. ನಿಮ್ಮ ಪಡಸಾಲೆಯ ಹಾಸುಗಲ್ಲು ಅದಕ್ಕಿಂತ ಹಳೆಯದು.

ಇನ್ನು ಬೈಯೆರಾ. ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಹಿಡಿಸಿದ ಮಾತು ‘ಯಾವುದು ಸರಿ?’ ಎಂಬುದು. ಮೂರು ಹೆಸರುಗಳೂ ಸರಿ. ಆದರೆ ಮೂರರಲ್ಲಿ ಯಾವುದೂ ಮರದ ಹೆಸರಲ್ಲ. ಮೂರೂ ಎಲೆಯ ಹೆಸರುಗಳು. ‘ಅಳಿದುಹೋದ ಮರ’ ಎಂದು ಪುಸ್ತಕ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಮುಖ್ಯ ಮಾತು ಅಲ್ಲಿ ಬಿಟ್ಟುಹೋಗಿದೆ.

ಇದನ್ನು ನಿಮ್ಮ ತೋಟದಲ್ಲಿಯೇ ನಿಂತು ನೋಡಬಹುದು. ಹಿಪ್ಪುನೇರಳೆಯ ಒಂದೇ ಕಡ್ಡಿಯಲ್ಲಿ ಒಂದೆಲೆ ಅಖಂಡವಾಗಿಯೂ ಅದರ ಪಕ್ಕದ್ದು ಮೂರು ಸೀಳಾಗಿಯೂ ಇರುವುದನ್ನು ನೀವು ದಿನವೂ ಕಾಣುತ್ತೀರಿ. ಹುಳುವಿಗೆ ಹಾಕುವಾಗ ಎರಡೂ ಒಂದೇ ಸೊಪ್ಪು. ಹಲಸಿನ ಸಸಿಯ ಎಲೆ ಕೈಬೆರಳಿನಂತೆ ಸೀಳಿರುತ್ತದೆ, ಮರ ದೊಡ್ಡದಾದ ಮೇಲೆ ಬರುವ ಎಲೆಗೆ ಸೀಳು ಇರುವುದಿಲ್ಲ. ಹಲಸಿನ ವೈಜ್ಞಾನಿಕ ಹೆಸರಿನ ಎರಡನೆಯ ಭಾಗ ‘ಹೆಟೆರೋಫಿಲಸ್’. ಬೇರೆ ಬೇರೆ ಬಗೆಯ ಎಲೆಯುಳ್ಳದ್ದು ಎಂದೇ ಅದರ ಅರ್ಥ. ಈಗ ಊಹಿಸಿಕೊಳ್ಳಿ: ನಿಮ್ಮ ತೋಟದ ಆ ಎರಡು ಎಲೆಗಳು ಕೆರೆಯ ಹೂಳಿಗೆ ಬಿದ್ದು ಕಲ್ಲಾದವು. ಕಡ್ಡಿ ಕೊಳೆತುಹೋಯಿತು, ಹಣ್ಣನ್ನು ಹಕ್ಕಿ ತಿಂದಿತು. ಹದಿನೈದು ಕೋಟಿ ವರ್ಷದ ನಂತರ ಯಾರೋ ಒಬ್ಬರು ಸುತ್ತಿಗೆ ಹಿಡಿದು ಬಂದರು. ಕೈಗೆ ಸಿಕ್ಕಿದ್ದು ಎರಡು ಬಿಡಿ ಎಲೆ. ಅವರು ಎರಡು ಹೆಸರು ಇಡುತ್ತಾರೆ, ಇಡಲೇಬೇಕು. ಎರಡೂ ಒಂದೇ ಗಿಡದವು ಎನ್ನಲು ಅವರ ಬಳಿ ಸಾಕ್ಷಿ ಇಲ್ಲ.

ಗಿಂಕ್ಗೊ ಬಳಗದಲ್ಲಿ ನಡೆದದ್ದು ಹೀಗೆಯೇ. ಇಂದು ಬದುಕಿರುವ ಗಿಂಕ್ಗೊ ಒಂದೇ ಪ್ರಭೇದ, ಗಿಂಕ್ಗೊ ಬೈಲೋಬಾ. ಚೀನಾದ ಮರ. ಜಪಾನಿನಲ್ಲಿ ಅದನ್ನು ಕಂಡ ಜರ್ಮನ್ ವೈದ್ಯ ಎಂಗೆಲ್ಬರ್ಟ್ ಕೆಂಫರ್ 1712ರಲ್ಲಿ ಯುರೋಪಿಗೆ ವಿವರಿಸಿದರು, 1771ರಲ್ಲಿ ಲಿನೇಯಸ್ ಇಂದಿನ ಹೆಸರು ಕೊಟ್ಟರು. ಎಲೆ ನಮ್ಮ ಬೀಸಣಿಗೆಯ ಆಕಾರ, ಹಲವು ಬಾರಿ ನಡುವೆ ಒಂದು ಸೀಳು. ಚಳಿ ಬಯಸುವ ಮರವಾದ್ದರಿಂದ ನಮ್ಮ ದೇಶದಲ್ಲಿ ಅದನ್ನು ನೋಡಬೇಕಾದರೆ ಮಸ್ಸೂರಿ, ಡಾರ್ಜಿಲಿಂಗ್‌ನಂಥ ಹಿಮಾಲಯದ ಊರುಗಳೇ ಒಳ್ಳೆಯ ಜಾಗ.

ಆ ಎಲೆಯ ನರಗಳನ್ನು ಮಂಡ್ಯದವರಿಗೆ ವಿವರಿಸುವುದು ಸುಲಭ. ಅರಳಿ ಎಲೆಯನ್ನು ನೀರಿನಲ್ಲಿ ಕೊಳೆಯಿಸಿ ಜಾಲರಿ ಮಾಡಿದವರಿಗೆ ಗೊತ್ತು, ಅದರಲ್ಲಿ ಒಂದು ದೊಡ್ಡ ನಡುನರ, ಅದರಿಂದ ಪಕ್ಕದ ನರಗಳು, ಅವುಗಳ ನಡುವೆ ಬಲೆ. ವಿಶ್ವೇಶ್ವರಯ್ಯ ನಾಲೆಯಿಂದ ಉಪನಾಲೆ, ಉಪನಾಲೆಯಿಂದ ಹೊಲಗಾಲುವೆ ಹೊರಟ ಹಾಗೆ ದೊಡ್ಡದು, ಸಣ್ಣದು ಎಂಬ ಭೇದ ಅಲ್ಲಿದೆ. ಗಿಂಕ್ಗೊ ಎಲೆಯಲ್ಲಿ ದೊಡ್ಡ ನಾಲೆಯೇ ಇಲ್ಲ. ತೊಟ್ಟಿನಿಂದ ಎರಡು ನರಗಳು ಒಳಬರುತ್ತವೆ. ಒಂದೊಂದೂ ಸರಿಸಮನಾಗಿ ಎರಡಾಗುತ್ತದೆ, ಆ ಎರಡು ಮತ್ತೆ ನಾಲ್ಕಾಗುತ್ತವೆ. ಅಂಚು ಮುಟ್ಟುವವರೆಗೂ ಇದೇ ಪಾಲು, ಅಣ್ಣತಮ್ಮಂದಿರ ಸಮಪಾಲಿನಂತೆ. ಬೇರ್ಪಟ್ಟ ಎರಡು ನರಗಳು ಮತ್ತೆ ಕೂಡುವುದು ಅಪರೂಪ. ಪಳೆಯುಳಿಕೆಯಲ್ಲಿ ಬೀಸಣಿಗೆ ಆಕಾರ, ಈ ಬಗೆಯ ಕವಲುನರ, ತೊಟ್ಟು ಇವು ಕಂಡರೆ ಗಿಂಕ್ಗೊ ಬಳಗದ ನೆನಪು ಬರುವುದು ಸಹಜ.

ಬೈಯೆರಾ ಎಂಬ ಹೆಸರನ್ನು 1843ರಲ್ಲಿ ಜರ್ಮನಿಯ ಬ್ರೌನ್ ಎಂಬ ವಿದ್ವಾಂಸರು ಇಟ್ಟರು. ಈ ಎಲೆ ಬೀಸಣಿಗೆಯೇ, ಆದರೆ ಬುಡದ ತನಕ ಸೀಳಿಹೋದ ಬೀಸಣಿಗೆ. ಸೀಳುಗಳು ಪಟ್ಟಿಯಂತೆ ಕಿರಿದು, ಒಂದೊಂದರಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ನರ. ತೊಟ್ಟು ಸ್ಪಷ್ಟವಾಗಿ ಬೇರೆ ಕಾಣುತ್ತದೆ. ಸೀಳು ಅಗಲವಾಗಿದ್ದು ನರಗಳು ಹೆಚ್ಚಿದ್ದರೆ ಅದು ಗಿಂಕ್ಗೊಯಿಟಿಸ್, ಎಂದರೆ ‘ಗಿಂಕ್ಗೊವಿನಂಥದು’. ಈ ಹೆಸರು ಕೇಂಬ್ರಿಜ್‌ನ ಆಲ್ಬರ್ಟ್ ಸೀವರ್ಡ್ 1919ರಲ್ಲಿ ಕೊಟ್ಟದ್ದು. ತೊಟ್ಟೇ ಇಲ್ಲದೆ, ಎಲೆಯ ಬುಡ ಬೆಣೆಯಂತೆ ಕಿರಿದಾಗುತ್ತ ಹೋದರೆ ಅದು ಸ್ಫೀನೋಬೈಯೆರಾ. ಸ್ವೀಡನ್ನಿನ ರುಡಾಲ್ಫ್ ಫ್ಲೋರಿನ್ 1936ರಲ್ಲಿ, ಉತ್ತರಧ್ರುವದ ಹತ್ತಿರದ ಫ್ರಾನ್ಸ್ ಜೋಸೆಫ್ ದ್ವೀಪಗಳ ಪಳೆಯುಳಿಕೆಗಳನ್ನು ಅಭ್ಯಾಸ ಮಾಡುತ್ತ, ಬೈಯೆರಾದಿಂದ ಇದನ್ನು ಬೇರೆ ಮಾಡಿದರು. ನಿಮ್ಮ ಮಗಳು ಎರಡು ಪುಸ್ತಕಗಳಲ್ಲಿ ನೋಡಿದ ‘ಒಂದೇ ಥರದ’ ಎಲೆಗಳ ಬುಡವನ್ನು ಮತ್ತೊಮ್ಮೆ ನೋಡಲಿ. ತೊಟ್ಟು ಇದೆಯೋ ಇಲ್ಲವೋ ಎಂಬುದರಲ್ಲೇ ಅವಳ ಗೊಂದಲಕ್ಕೆ ಉತ್ತರ ಸಿಗುತ್ತದೆ.

ಆದರೆ ನಾನು ಹೇಳಬೇಕಾದ್ದು ಇನ್ನೂ ಮುಗಿದಿಲ್ಲ. ಇಂದಿನ ಗಿಂಕ್ಗೊ ಮರದಲ್ಲಿ ಎರಡು ಬಗೆಯ ರೆಂಬೆಗಳಿವೆ. ವರ್ಷಕ್ಕೆ ಒಂದಿಷ್ಟೇ ಬೆಳೆಯುವ ಗಿಡ್ಡ ರೆಂಬೆಯಲ್ಲಿ ಬರುವ ಎಲೆ ಬಹುಪಾಲು ಅಖಂಡ. ಬೇಗ ಉದ್ದವಾಗುವ ರೆಂಬೆಯ ಎಲೆ, ಸಸಿಯ ಎಲೆ ಆಳವಾಗಿ ಸೀಳಿರುತ್ತದೆ. ಒಂದೇ ಮರದಿಂದ ಕಿತ್ತ ಎಲೆಗಳನ್ನು ಬೇರೆ ಬೇರೆ ಕಲ್ಲುಗಳಲ್ಲಿ ಅಚ್ಚೊತ್ತಿಸಿಟ್ಟರೆ ಅನುಭವಿಗಳೂ ಹೆಸರಿಡಲು ತಡವರಿಸುತ್ತಾರೆ. ಆದ್ದರಿಂದಲೇ ಆಕಾರವೊಂದನ್ನೇ ನಂಬುವ ಪದ್ಧತಿ ಹಿಂದೆ ಬಿತ್ತು. ಈಗ ಎಲೆಯ ಹೊರಪೊರೆಯನ್ನು ನೋಡುತ್ತಾರೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವಂತೆ ಮಾಡುವ ಮೇಣದ ಪದರವಿದೆಯಲ್ಲ, ಅಂಥ ಪೊರೆ ಬಹಳ ಗಟ್ಟಿ ಜೀವ. ಎಲೆಯ ಒಳಗಿನದೆಲ್ಲ ಇದ್ದಿಲಾದರೂ ಅದು ಕೋಟ್ಯಂತರ ವರ್ಷ ಉಳಿಯಬಲ್ಲದು. ಕಲ್ಲಿನಿಂದ ಇದ್ದಿಲಿನ ಚೂರೊಂದನ್ನು ಎಬ್ಬಿಸಿ, ನೈಟ್ರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಕ್ಲೋರೇಟ್‌ನಲ್ಲಿ ನೆನೆಸಿ, ಆಮೇಲೆ ಕ್ಷಾರದಲ್ಲಿ ತೊಳೆದರೆ ಕಪ್ಪೆಲ್ಲ ಕರಗಿ ಹೊಂಬಣ್ಣದ ತೆಳು ಪೊರೆಯೊಂದು ನೀರಿನಲ್ಲಿ ತೇಲುತ್ತದೆ. ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಎಲೆ ಉಸಿರಾಡುತ್ತಿದ್ದ ರಂಧ್ರಗಳು, ಅವುಗಳ ಸುತ್ತಲ ಕೋಶಗಳು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಕಾಣುತ್ತವೆ. ನಾನು ಮೊದಲ ಸಲ ಅಂಥದೊಂದು ಪೊರೆಯನ್ನು ಗಾಜಿನ ಮೇಲೆ ಹರಡಿದ ದಿನ ಪ್ರಯೋಗಾಲಯದ ದೀಪ ಆರಿಸಲು ಮನಸ್ಸಾಗಲಿಲ್ಲ. ಡೈನೋಸಾರ್ ಕಾಲದ ಎಲೆಯೊಂದರ ಚರ್ಮ ನನ್ನ ಮುಂದೆ ಬಿಚ್ಚಿಕೊಂಡಿತ್ತು. ಮೂವತ್ತು ವರ್ಷ ಮೈಸೂರಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ನಂತರವೂ ಆ ಸಂತೋಷ ನನ್ನಲ್ಲಿ ಕಡಿಮೆಯಾಗಿಲ್ಲ.

ಎಲೆ ಎಷ್ಟು ಮೋಸಮಾಡಬಲ್ಲದು ಎಂಬುದಕ್ಕೆ ಎರಡು ನಿದರ್ಶನ ಕೊಡುತ್ತೇನೆ. ಚೆಕನೋವ್ಸ್ಕಿಯಾ ಎಂಬ ಎಲೆಯಿದೆ. ದಾರದಂತೆ ಸಣ್ಣಗೆ ಕವಲೊಡೆದ ಎಲೆಗಳ ಗೊಂಚಲು. ಬಹಳ ಕಾಲ ಅದು ಗಿಂಕ್ಗೊ ಬಳಗದ್ದೇ ಎಂದು ಎಲ್ಲರೂ ನಂಬಿದ್ದರು. 1951ರಲ್ಲಿ ಬ್ರಿಟನ್ನಿನ ಟಾಮ್ ಹ್ಯಾರಿಸ್ ಅದರ ಜೊತೆಯ ಬೀಜಾಂಗವನ್ನು ವಿವರಿಸಿದರು. ಅದು ಎರಡು ಚಿಪ್ಪುಗಳ ನಡುವೆ ಬೀಜಗಳನ್ನು ಇಟ್ಟುಕೊಂಡ ರಚನೆ, ಗಿಂಕ್ಗೊಗೂ ಅದಕ್ಕೂ ಸಂಬಂಧವೇ ಕಾಣದು. ಚೆಕನೋವ್ಸ್ಕಿಯಾ ಬಳಗದಿಂದ ಹೊರಬಿತ್ತು. ಎರಡನೆಯದು ಅರ್ಜೆಂಟೀನಾದ್ದು. ಅಲ್ಲಿನ ಕ್ರಿಟೇಷಿಯಸ್ ಯುಗದ, ಎಂದರೆ ಡೈನೋಸಾರ್‌ಗಳ ಕೊನೆಯ ಯುಗದ ಪದರಗಳಲ್ಲಿ ಗಿಂಕ್ಗೊಯಿಟಿಸ್ ಎಲೆಗಳ ಜೊತೆಗೇ ಸಿಕ್ಕ ಬೀಜಾಂಗಕ್ಕೆ 1965ರಲ್ಲಿ ಸೆರ್ಗಿಯೋ ಅರ್ಕಾಂಜೆಲ್‌ಸ್ಕಿ ‘ಕಾರ್ಕೇನಿಯಾ’ ಎಂದು ಹೆಸರಿಟ್ಟರು. ಇಂದಿನ ಗಿಂಕ್ಗೊದಲ್ಲಿ ಒಂದು ತೊಟ್ಟಿನ ತುದಿಗೆ ಎರಡು ಬೀಜಾಂಡಗಳು, ಬಹುಮಟ್ಟಿಗೆ ಬಲಿಯುವುದು ಒಂದೇ. ಕಾರ್ಕೇನಿಯಾದಲ್ಲಿ ಒಂದು ದಿಂಡಿನ ಸುತ್ತ ಪುಟ್ಟ ಬೀಜಗಳ ದೊಡ್ಡ ಗುಂಪು, ಒಂದೊಂದೂ ದಿಂಡಿನ ಕಡೆಗೆ ಬಾಗಿದೆ. ಎಲೆ ಇಂದಿನ ಗಿಂಕ್ಗೊವಿನ ತಮ್ಮನಂತಿದೆ, ಬೀಜ ನೋಡಿದರೆ ದೂರದ ದಾಯಾದಿ.

ಹಾಗಾದರೆ ಬೈಯೆರಾ ಎಲೆ ಬಿಟ್ಟ ಮರ ಯಾವುದು? ಇದಕ್ಕೆ ಒಂದು ಕಡೆಯಿಂದಲಾದರೂ ಸ್ಪಷ್ಟ ಉತ್ತರ ಬಂದಿದೆ, ಚೀನಾದ ಹೆನಾನ್ ಪ್ರಾಂತ್ಯದ ಯಿಮಾ ಕಲ್ಲಿದ್ದಲು ಗಣಿಯಿಂದ. ಅಲ್ಲಿನ ಜುರಾಸಿಕ್, ಎಂದರೆ ಕ್ರಿಟೇಷಿಯಸ್‌ಗೆ ಹಿಂದಿನ ಯುಗದ ಪದರಗಳಲ್ಲಿ ಝೌ ಝಿಯಾನ್ ಮತ್ತು ಅವರ ಸಹೋದ್ಯೋಗಿ ಎಲೆ, ಬೀಜ ಎರಡನ್ನೂ ಹೇರಳವಾಗಿ ಪಡೆದರು. ಪೊರೆಯನ್ನು ಪೊರೆಯ ಜೊತೆ ಹೋಲಿಸಿ ಜೋಡಿಸುತ್ತ ಹೋದರು. ಒಂದೇ ಗಣಿಯಲ್ಲಿ ಎರಡು ಬೇರೆ ಮರಗಳು ಸಿಕ್ಕವು. ಒಂದರಲ್ಲಿ ಪ್ರತಿ ಬೀಜಕ್ಕೂ ತನ್ನದೇ ತೊಟ್ಟಿತ್ತು. ಅದನ್ನು ಅವರು ಗಿಂಕ್ಗೊ ಕುಲಕ್ಕೇ ಸೇರಿಸಿ 1989ರಲ್ಲಿ ‘ಗಿಂಕ್ಗೊ ಯಿಮಾಯೆನ್ಸಿಸ್’ ಎಂದರು. ಇನ್ನೊಂದರಲ್ಲಿ ಬೀಜಗಳಿಗೆ ಬಿಡಿ ತೊಟ್ಟಿರಲಿಲ್ಲ, ಎಲ್ಲವೂ ಒಂದೇ ಕಡ್ಡಿಯ ತುದಿಯಲ್ಲಿ ಒತ್ತಾಗಿ ಕೂತಿದ್ದವು. ಈ ಬೀಜಾಂಗದ ಹೆಸರು ‘ಯಿಮಾಯಾ’. ಅದರ ಜೊತೆಗಿದ್ದ ಎಲೆಯೇ ಬೈಯೆರಾದ ಒಂದು ಪ್ರಭೇದ, ಬೈಯೆರಾ ಹಾಲ್ಲೀ. ಆದ್ದರಿಂದ ಆ ಗಣಿಯ ಮಟ್ಟಿಗೆ ಹೇಳಬಹುದು: ಬೈಯೆರಾ ಎಲೆ, ಯಿಮಾಯಾ ಬೀಜ, ಮರ ಒಂದೇ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಬೈಯೆರಾಕ್ಕೋ ಜರ್ಮನಿಯ ಬೈಯೆರಾಕ್ಕೋ ಈ ಮಾತನ್ನು ಹಾಗೆಯೇ ಅನ್ವಯಿಸುವುದು ತಪ್ಪು. ಅಲ್ಲಲ್ಲಿನ ಬೀಜ ಅಲ್ಲಲ್ಲೇ ಸಾಕ್ಷಿ ಹೇಳಬೇಕು.

ಇದು ಗಿಂಕ್ಗೊ ಬಳಗಕ್ಕೆ ಮಾತ್ರ ಬಂದ ಕಷ್ಟವಲ್ಲ, ನಮ್ಮ ದೇಶದಲ್ಲೇ ಇದಕ್ಕೆ ಅತ್ಯುತ್ತಮ ಉದಾಹರಣೆಯಿದೆ. ಜಾರ್ಖಂಡದ ರಾಜಮಹಲ್ ಬೆಟ್ಟಗಳಲ್ಲಿ ‘ಟೈಲೋಫಿಲಂ’ ಎಂಬ ಎಲೆ, ‘ಬಕ್‌ಲ್ಯಾಂಡಿಯಾ’ ಎಂಬ ಕಾಂಡ, ‘ವಿಲಿಯಂಸೋನಿಯಾ’ ಎಂಬ ಹೂವಿನಂಥ ರಚನೆ ಬೇರೆ ಬೇರೆಯಾಗಿ ಸಿಗುತ್ತಿದ್ದವು. ಮೂರೂ ಒಂದೇ ಗಿಡದ ಭಾಗಗಳೆಂದು ತೋರಿಸಿ, 1932ರಲ್ಲಿ ಇಡೀ ಗಿಡದ ರೂಪವನ್ನು ಕಟ್ಟಿಕೊಟ್ಟವರು ಬೀರಬಲ್ ಸಾಹನಿ. ಆ ಪ್ರಭೇದಕ್ಕೆ ತಮ್ಮ ಗುರು ಸೀವರ್ಡರ ಹೆಸರನ್ನೇ ಇಟ್ಟರು. ಗಿಂಕ್ಗೊಯಿಟಿಸ್ ಎಂಬ ಹೆಸರು ಕೊಟ್ಟ ಸೀವರ್ಡ್ ಅವರೇ ಇವರು. ಗುರುಶಿಷ್ಯರಿಬ್ಬರೂ ಸೇರಿ 1920ರಲ್ಲಿ ಭಾರತದ ಗೊಂಡ್ವಾನ ಕಾಲದ ಸಸ್ಯ ಪಳೆಯುಳಿಕೆಗಳ ಪಟ್ಟಿಯನ್ನು ಪರಿಷ್ಕರಿಸಿದ್ದರು. ಸಸ್ಯ ಪಳೆಯುಳಿಕೆಗಳ ಅಧ್ಯಯನಕ್ಕೆಂದು ಲಖನೌದಲ್ಲಿ ಸಾಹನಿ ಕಟ್ಟಿದ ಸಂಸ್ಥೆಯ ಕಟ್ಟಡಕ್ಕೆ 1949ರ ಏಪ್ರಿಲ್ 3ರಂದು ನೆಹರೂ ಶಂಕುಸ್ಥಾಪನೆ ಮಾಡಿದರು. ಒಂದೇ ವಾರದಲ್ಲಿ ಸಾಹನಿ ತೀರಿಕೊಂಡರು. ಬಿಡಿ ಎಲೆಗಳಿಂದ ಇಡೀ ಗಿಡವನ್ನು ನೋಡುವ ಕಣ್ಣನ್ನು ಈ ದೇಶದ ವಿದ್ಯಾರ್ಥಿಗಳಿಗೆ ಕೊಟ್ಟವರು ಅವರು.

ಕೊನೆಯ ಪ್ರಶ್ನೆಗೆ ಬರುತ್ತೇನೆ, ನಮ್ಮ ನೆಲಕ್ಕೆ. ಮೈಸೂರು, ಮಂಡ್ಯದ ಕಲ್ಲಿನಲ್ಲಿ ಬೈಯೆರಾವನ್ನು ಹುಡುಕುವುದು ವ್ಯರ್ಥ. ನಮ್ಮ ಕಾಲ ಕೆಳಗಿರುವುದು ಬಹುಪಾಲು ನೈಸ್ ಶಿಲೆ, ಸುಮಾರು 300 ಕೋಟಿ ವರ್ಷದ್ದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಅವರು 1916ರಲ್ಲಿ ಇದನ್ನು ‘ಪೆನಿನ್ಸುಲಾರ್ ನೈಸ್’ ಎಂದು ಕರೆದರು, ಇಂದಿಗೂ ಆ ಹೆಸರೇ ನಿಂತಿದೆ. ಚಾಮುಂಡಿ ಬೆಟ್ಟದ ಗ್ರಾನೈಟ್ ಈ ಲೆಕ್ಕದಲ್ಲಿ ಎಳೆಯದು, ಆದರೂ ಅದಕ್ಕೆ ಸುಮಾರು 80 ಕೋಟಿ ವರ್ಷ. ಗಿಡಗಳು ಹುಟ್ಟುವ ಮೊದಲೇ ನೆಲದ ಆಳದಲ್ಲಿ ಕಾದು, ಕರಗಿ, ಗಟ್ಟಿಯಾದ ಕಲ್ಲುಗಳಿವು. ಇವುಗಳಲ್ಲಿ ಎಲೆ ಹೇಗೆ ಇರಲು ಸಾಧ್ಯ?

ಆದರೆ ಕಲ್ಲಿನಲ್ಲಿ ಇಲ್ಲದ ಮಾತ್ರಕ್ಕೆ ಇಲ್ಲಿ ಮರ ಬೆಳೆಯಲೇ ಇಲ್ಲ ಎನ್ನುವುದೂ ಸರಿಯಲ್ಲ. ಎಲೆ ಉಳಿಯಬೇಕಾದರೆ ಅದು ನೀರಿಗೆ ಬೀಳಬೇಕು, ಗಾಳಿಯಾಡದ ಕೆಸರಿನಡಿ ಬೇಗ ಹುದುಗಬೇಕು, ಮೇಲೆ ಮತ್ತೆ ಮತ್ತೆ ಕೆಸರು ಬೀಳುತ್ತಲೇ ಇರಬೇಕು. ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವಾಗ ಗುದ್ದಲಿಗೆ ಕಪ್ಪಗೆ ಹತ್ತಿ ಬರುವ ಎಲೆಗಳನ್ನು ನೀವು ನೋಡಿದ್ದೀರಿ, ಅದು ಈ ಕೆಲಸದ ಮೊದಲ ಹೆಜ್ಜೆ. ಜುರಾಸಿಕ್ ಕಾಲದಲ್ಲಿ ಮೈಸೂರಿನ ಭಾಗ ಸವೆಯುತ್ತಿದ್ದ ಎತ್ತರದ ನೆಲ, ಹೂಳು ತುಂಬುವ ತಗ್ಗಲ್ಲ. ಇಲ್ಲಿ ಬಿದ್ದ ಎಲೆ ಇಲ್ಲೇ ಕೊಳೆತುಹೋಗುತ್ತಿತ್ತು. ಹೂಳು ತುಂಬುತ್ತಿದ್ದ ತಗ್ಗುಗಳು ಬೇರೆ ಕಡೆಗಳಲ್ಲಿದ್ದವು, ಅಲ್ಲೆಲ್ಲ ಸಾಕ್ಷಿ ಸಿಕ್ಕಿದೆ. ರಾಜಮಹಲ್ ಬೆಟ್ಟಗಳಲ್ಲಿ ಲಾವಾ ಹರಿವುಗಳ ನಡುವಿನ ಪದರಗಳಿಂದಲೂ ಜಬಲ್ಪುರದ ಸುತ್ತಲಿನ ಪದರಗಳಿಂದಲೂ ಗಿಂಕ್ಗೊಯಿಟಿಸ್ ಎಲೆಗಳು ಬಂದಿವೆ. ಆಗ ನಮ್ಮ ನೆಲವೆಲ್ಲ ಗೊಂಡ್ವಾನ ಎಂಬ ದಕ್ಷಿಣದ ಮಹಾಖಂಡದ ತುಂಡು, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ನೆರೆಹೊರೆ. ವಿದ್ಯಾರ್ಥಿಯಾಗಿದ್ದಾಗ ರಾಜಮಹಲ್‌ಗೆ ಹೋದಾಗ ಶೇಲ್ ಎಂಬ ಜೇಡಿಗಲ್ಲನ್ನು ಸೀಳುತ್ತ ಮೂರು ದಿನ ಕೂತಿದ್ದೆವು. ಸೀಳಿದಲ್ಲೆಲ್ಲ ಟೈಲೋಫಿಲಂ. ಬೀಸಣಿಗೆಯಂಥ ಎಲೆ ನನಗೆ ಸಿಗಲಿಲ್ಲ. ನಮ್ಮ ದೇಶದ ಆ ಕಾಡುಗಳಲ್ಲಿ ಗಿಂಕ್ಗೊ ಬಳಗ ಅಷ್ಟು ವಿರಳ. ಚೀನಾ, ಸೈಬೀರಿಯಾ, ಯಾರ್ಕ್‌ಶೈರ್‌ಗಳಲ್ಲಿ ಅದೇ ಬಳಗದ್ದು ದರ್ಬಾರು.

ನೀವು ಕೇಳದಿದ್ದರೂ ಒಂದು ವಿಷಯ ಹೇಳದೆ ಇರಲಾರೆ, ಏಕೆಂದರೆ ಬೈಯೆರಾದ ಸೀಳು ಎಲೆಗೆ ಬಹಳ ದೊಡ್ಡ ಕಥೆಯೊಂದು ಗೊತ್ತು. ಸುಮಾರು 20 ಕೋಟಿ ವರ್ಷದ ಹಿಂದೆ, ಟ್ರಯಾಸಿಕ್ ಮುಗಿದು ಜುರಾಸಿಕ್ ಶುರುವಾಗುವ ಹೊತ್ತಿನಲ್ಲಿ, ಈಗಿನ ಅಟ್ಲಾಂಟಿಕ್ ಸಾಗರ ಬಾಯ್ದೆರೆಯಲಿದ್ದ ಜಾಗದಲ್ಲಿ ಮಹಾ ಜ್ವಾಲಾಮುಖಿಗಳು ಎದ್ದವು. ಭೂಮಿಯ ಜೀವಿಗಳಲ್ಲಿ ಬಹುದೊಡ್ಡ ಪಾಲು ಅಳಿಯಿತು. ಆ ಗಡಿಯ ಎರಡೂ ಬದಿಯ ಎಲೆಗಳು ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯಲ್ಲಿ ಸಿಗುತ್ತವೆ, ಬೈಯೆರಾ ಅವುಗಳಲ್ಲಿ ಒಂದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಎಲೆಯ ಮೇಲಿನ ರಂಧ್ರಗಳು ಕಡಿಮೆಯಾಗುತ್ತವೆ ಎಂಬುದನ್ನು ಇಯಾನ್ ವುಡ್‌ವರ್ಡ್ 1987ರಲ್ಲಿ, ಹಳೆಯ ಒಣಸಸ್ಯ ಸಂಗ್ರಹಗಳ ಎಲೆಗಳನ್ನು ನೋಡಿ ಕಂಡುಕೊಂಡಿದ್ದರು. ಅದೇ ಲೆಕ್ಕವನ್ನು ಜೆನ್ನಿಫರ್ ಮೆಕೆಲ್ವೈನ್ ಮತ್ತು ಸಂಗಡಿಗರು 1999ರಲ್ಲಿ ಗ್ರೀನ್‌ಲ್ಯಾಂಡ್, ಸ್ವೀಡನ್ನಿನ ಪಳೆಯುಳಿಕೆಗಳ ಪೊರೆಗಳಿಗೆ ಅನ್ವಯಿಸಿದರು. ದಶಲಕ್ಷದಲ್ಲಿ ಸುಮಾರು 600 ಪಾಲಿದ್ದ ಇಂಗಾಲದ ಡೈಆಕ್ಸೈಡ್ 2,100ರಿಂದ 2,400ಕ್ಕೆ ಏರಿತ್ತು, ಭೂಮಿ 3ರಿಂದ 4 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿತ್ತು ಎಂಬುದು ಅವರ ಅಂದಾಜು.

ಆ ಬಿಸಿಗೆ ಅಗಲ ಎಲೆಗಳು ತಡೆಯಲಿಲ್ಲ. ಗಡಿಯ ಕೆಳಗಿನ ಪದರಗಳಲ್ಲಿ ಅಗಲವಾದ ಎಲೆಗಳು ಹೆಚ್ಚು, ಮೇಲಿನ ಪದರಗಳಲ್ಲಿ ಸೀಳಿದ, ಕಿರಿದಾದ ಎಲೆಗಳು. ಏಕೆ ಎಂಬುದಕ್ಕೆ ಬಾಳೆಗಿಡದ ಬಳಿ ಹೋಗಿ. ಗಾಳಿ ಬಾಳೆ ಎಲೆಯನ್ನು ಪಟ್ಟಿಪಟ್ಟಿಯಾಗಿ ಸೀಳಿದರೆ ಊಟಕ್ಕೆ ಎಲೆ ಕೊಯ್ಯುವವರಿಗೆ ನಷ್ಟ, ಆದರೆ ಗಿಡಕ್ಕೆ ಅಷ್ಟೇನೂ ಅಲ್ಲ. ಅಗಲವಾದ ಹಾಳೆಯ ಮೇಲೆ ಗಾಳಿಯ ದಪ್ಪ ಪದರ ನಿಂತು ಶಾಖವನ್ನು ಬಿಟ್ಟುಕೊಡುವುದಿಲ್ಲ, ಕಿರಿದಾದ ಪಟ್ಟಿ ಬೇಗ ತಣಿಯುತ್ತದೆ. ಬೈಯೆರಾದಂಥ ಎಲೆಗೆ ಈ ಅನುಕೂಲ ಹುಟ್ಟಿನಿಂದಲೇ ಇತ್ತು. ಆದರೆ ಇದಕ್ಕೂ ಬೆಲೆ ತೆರಬೇಕಾಯಿತು. ಕಿರಿದಾದ ಒಣ ಎಲೆ ಬೇಗ ಹೊತ್ತಿಕೊಳ್ಳುತ್ತದೆ, ಕಬ್ಬಿನ ತರಗು ಹೇಗೆ ಭಗ್ಗೆಂದು ಉರಿಯುತ್ತದೆಂದು ಮಂಡ್ಯದವರಿಗೆ ಯಾರೂ ಹೇಳಬೇಕಾಗಿಲ್ಲ. ಕ್ಲೇರ್ ಬೆಲ್ಚರ್ ಮತ್ತು ಸಂಗಡಿಗರು 2010ರಲ್ಲಿ ಇದೇ ಗ್ರೀನ್‌ಲ್ಯಾಂಡ್ ಪದರಗಳ ಇದ್ದಿಲನ್ನು ಎಣಿಸಿದರು. ಗಡಿ ದಾಟಿದ ಮೇಲೆ ಅದು ಐದು ಪಟ್ಟು ಹೆಚ್ಚಿತ್ತು. ಬಿಸಿಲಿನಿಂದ ಉಳಿಸಿದ ಎಲೆಯೇ ಕಾಡಿಗೆ ಬೆಂಕಿ ತಂದಿತು. ಒಂದು ಬೀಸಣಿಗೆಯ ಸೀಳಿನಲ್ಲಿ ಇಷ್ಟೆಲ್ಲ ಓದಬಹುದು ಎಂಬುದಕ್ಕಾಗಿಯೇ ನಾನು ಈ ವಿದ್ಯೆಗೆ ಮನಸ್ಸು ಕೊಟ್ಟೆ.

ಆಮೇಲಿನದು ಸಂಕ್ಷೇಪವಾಗಿ ಹೀಗೆ. ಜುರಾಸಿಕ್, ಕ್ರಿಟೇಷಿಯಸ್‌ನ ಮೊದಲರ್ಧ ಈ ಬಳಗದ ಒಳ್ಳೆಯ ಕಾಲ. ಹೂಬಿಡುವ ಗಿಡಗಳು ಹಬ್ಬಿದಂತೆ ಇದು ಕುಗ್ಗಿತು, ಬೈಯೆರಾ ಮಾದರಿಯ ಎಲೆಗಳು ಮರೆಯಾದವು. ಡೈನೋಸಾರ್‌ಗಳು ಅಳಿದ ನಂತರದ ಪದರಗಳಲ್ಲಿ ಸಿಗುವುದು ಇಂದಿನ ಗಿಂಕ್ಗೊವನ್ನೇ ಹೋಲುವ ಎಲೆ. ನಮ್ಮ ಕಾವೇರಿ ದಡದ ಹೊಳೆಮತ್ತಿಯಂತೆ ಅದೂ ಹೊಳೆಯಂಚಿನ ಮರವಾಗಿತ್ತು. ಅದು ಉತ್ತರ ಅಮೆರಿಕದಿಂದಲೂ ಆಮೇಲೆ ಯುರೋಪಿನಿಂದಲೂ ಮಾಯವಾಗಿ ಚೀನಾದ ಕೆಲವು ಬೆಟ್ಟಗಳಲ್ಲಿ ಉಳಿದುಕೊಂಡಿತು. ಇದನ್ನು ‘ಬೈಯೆರಾದ ಮಗ’ ಎಂದು ಕೆಲವರು ಬರೆಯುತ್ತಾರೆ, ನಾನು ಒಪ್ಪುವುದಿಲ್ಲ. ಯಿಮಾದಲ್ಲಿ ಎರಡೂ ಬಗೆಯ ಮರಗಳು ಒಂದೇ ಕಾಲದಲ್ಲಿ ಅಕ್ಕಪಕ್ಕ ಬೆಳೆದಿದ್ದವು. ಒಂದರ ವಂಶ ನಿಂತಿತು, ಇನ್ನೊಂದರದು ಮುಂದುವರಿಯಿತು.

ಮಗಳಿಗೆ ಒಂದು ಕೆಲಸ ಹೇಳಿ. ಹಿಪ್ಪುನೇರಳೆಯ ಒಂದೇ ಕಡ್ಡಿಯಿಂದ ಹತ್ತು ಎಲೆ, ಹಲಸಿನ ಸಸಿಯಿಂದ ಮತ್ತು ದೊಡ್ಡ ಮರದಿಂದ ಐದೈದು ಎಲೆ ಕಿತ್ತು ಹಳೆಯ ಪತ್ರಿಕೆಗಳ ನಡುವೆ ಒಂದು ವಾರ ಒತ್ತಿಡಲಿ. ಆಮೇಲೆ ಎಲ್ಲವನ್ನೂ ಬೆರೆಸಿ, ಯಾವುದು ಎಲ್ಲಿಯದೆಂದು ಹೇಳದೆ ಒಬ್ಬ ಗೆಳತಿಗೆ ಕೊಟ್ಟು, ಆಕಾರ ನೋಡಿ ಗುಂಪು ಮಾಡಿ ಹೆಸರಿಡಲು ಹೇಳಲಿ. ಎಷ್ಟು ‘ಕುಲ’ಗಳಾದವು ಎಂದು ನನಗೆ ಬರೆದು ತಿಳಿಸಲಿ. ಎಲೆಗಳನ್ನು ಕೀಳುವಾಗ ಒಂದೊಂದಕ್ಕೂ ತೊಟ್ಟು ಪೂರ್ತಿ ಬರುವಂತೆ ನೋಡಿಕೊಳ್ಳಬೇಕು, ಅದು ಮರೆಯದಿರಲಿ.